ಕೋಲು ನೆಟ್ಟರೂ ಹಕ್ಕಿ ನಿಲ್ಲದ ಗದ್ದೆ: ಆಲೂರು ತಾಲ್ಲೂಕಿನ ಒಂದು ಪ್ರಕರಣ

ಭತ್ತದ ಗದ್ದೆಯಲ್ಲಿ ಹಕ್ಕಿ ಕೂರಲು ಕೋಲು ನೆಡಿ, ಅವು ಹುಳ ತಿನ್ನುತ್ತವೆ, ಔಷಧಿ ಖರ್ಚು ಉಳಿಯುತ್ತದೆ. ಈ ಸಲಹೆ ಕೇಳದ ರೈತರು ಈಗ ಕಡಿಮೆ. ಸಲಹೆ ತಪ್ಪಲ್ಲ. ಆದರೆ ಅದು ಕೊನೆಯಲ್ಲಿ ಮಾಡುವ ಕೆಲಸ, ನಾವು ಅದನ್ನೇ ಮೊದಲು ಮಾಡಿ ಕೈ ತೊಳೆದುಕೊಳ್ಳುತ್ತಿದ್ದೇವೆ. ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನ ಒಂದು ಗದ್ದೆಯಲ್ಲಿ ಎರಡು ಮಳೆಗಾಲ ಏನೇನಾಯಿತು ಎನ್ನುವುದನ್ನು ಇಲ್ಲಿ ಬರೆದಿದ್ದೇನೆ. ಮನೆಯವರು ತಮ್ಮ ಹೆಸರು, ಊರಿನ ಹೆಸರು ಬೇಡ ಎಂದಿದ್ದಾರೆ.

ಗದ್ದೆ ಇರುವ ಜಾಗ

ಎರಡು ದಿಬ್ಬಗಳ ನಡುವೆ ಉದ್ದಕ್ಕೆ ಹಾಸಿಕೊಂಡ ಗದ್ದೆಬಯಲು. ತಲೆಯ ಮೇಲೆ ಕೆರೆ, ಕಾಲಬುಡದಲ್ಲಿ ಹಳ್ಳ. ಎರಡೂ ದಿಬ್ಬದ ಮೇಲೆ ಕಾಫಿ ತೋಟ, ತೋಟದಲ್ಲಿ ಸಿಲ್ವರ್ ಓಕ್, ಹಲಸು, ಅತ್ತಿ ಮರಗಳು. ಬಯಲಿನ ಕೆಳತುದಿಯಲ್ಲಿ ಒಬ್ಬರು ಜಮೀನು ಗುತ್ತಿಗೆ ಹಿಡಿದು ಶುಂಠಿ ಬೆಳೆಯುತ್ತಾರೆ. ಈ ಶುಂಠಿಯ ಮಾತು ಮುಂದೆ ಬರುತ್ತದೆ. ನಡುನಡುವೆ ಪಾಳು ಬಿದ್ದ ಗದ್ದೆಗಳೂ ಇವೆ. ಆನೆ ಕಾಟ, ಆಳಿನ ಕೂಲಿ ಎರಡೂ ಸೇರಿ ಆಲೂರು, ಸಕಲೇಶಪುರದ ಕಡೆ ಎಷ್ಟೋ ಜನ ಭತ್ತ ಬಿಟ್ಟಿದ್ದಾರೆ.

ನಾವು ನೋಡುತ್ತಿರುವ ಗದ್ದೆ ತಾಯಿ ಮಗ ಇಬ್ಬರೇ ನಡೆಸುವ ಸಣ್ಣ ಹಿಡುವಳಿ. ಬೆಳೆಯುವುದು ರಾಜಮುಡಿ. ಮುಂಗಾರಿನಲ್ಲಿ ಒಂದೇ ಬೆಳೆ, ಜುಲೈ ಕೊನೆ ಅಥವಾ ಆಗಸ್ಟ್‌ನಲ್ಲಿ ನಾಟಿ, ಡಿಸೆಂಬರ್‌ನಲ್ಲಿ ಕುಯ್ಲು. ರಾಜಮುಡಿ ಎತ್ತರಕ್ಕೆ ಬೆಳೆಯುವ ತಳಿ. ಯೂರಿಯಾ ಜಾಸ್ತಿ ಕಂಡರೆ ಸೊಕ್ಕಿ ಬೆಳೆದು ಮಲಗಿಬಿಡುತ್ತದೆ.

ಮೊದಲ ವರ್ಷ

ಕೋಲಿನ ಯೋಚನೆ ಮಗನದ್ದು. ತಾಯಿಗೆ ಸುತರಾಂ ಇಷ್ಟವಿರಲಿಲ್ಲ. "ಹಕ್ಕಿ ಓಡ್ಸಕ್ಕೇ ಸಾಕಾಗೈತೆ, ನೀನು ಕರ್ದು ಕೂರ್ಸ್ತೀಯಾ?" ಎಂದು ಬೈದಿದ್ದರು. "ಇವು ಬೇರೆ ಹಕ್ಕಿ ಕಣವ್ವ, ಹುಳ ತಿನ್ನೋವು" ಎಂದು ಮಗ ಸಮಾಧಾನ ಮಾಡಿದ್ದ. ಇಬ್ಬರ ಮಾತೂ ನಿಜ. ತೆನೆ ತಿನ್ನುವ ರಾಟವಾಳ, ಗಿಳಿಗಳೂ ಹಕ್ಕಿಗಳೇ. ಹುಳ ಹಿಡಿಯುವ ಕಾಜಾಣ, ಗೊರವಂಕ, ಬೆಳ್ಳಕ್ಕಿಗಳೂ ಹಕ್ಕಿಗಳೇ. ಗೀಜಗ ಎರಡೂ ಕಡೆಯದ್ದು: ತಾನು ಕಾಳು ತಿನ್ನುತ್ತದೆ, ಮರಿಗೆ ಹುಳ ತಂದು ಕೊಡುತ್ತದೆ.

ಎಕರೆಗೆ ಹದಿನೈದು ಇಪ್ಪತ್ತು ಕೋಲು ಸಾಕು ಎನ್ನುವುದು ಸಾಮಾನ್ಯ ಶಿಫಾರಸು. ಮಗ ತೋಟದ ಕವಲು ಕೊಂಬೆಗಳನ್ನು ಕಡಿದು ತಂದು, ಪೈರಿಗಿಂತ ಒಂದೆರಡು ಅಡಿ ಮೇಲಕ್ಕೆ ನಿಲ್ಲುವಂತೆ ನೆಟ್ಟ. ಉಳಿದ ಕೆಲಸವೆಲ್ಲ ಪ್ರತಿ ವರ್ಷದಂತೆಯೇ ನಡೆಯಿತು. ಸಸಿ ಬೆಳೆಸುವ ಒಟ್ಲಿಗೆ ಹರಳು ಔಷಧಿ, ಅಂದರೆ ಹರಳಿನ ರೂಪದ ಕೀಟನಾಶಕ ಬಿತ್ತು. ನಾಟಿಯಾಗಿ ಮೂರನೇ ವಾರಕ್ಕೆ ಎಲೆ ಸುರುಳಿ ಹುಳ ಕಂಡಿತು ಎಂದು ಗೊಬ್ಬರದಂಗಡಿಯಲ್ಲಿ ಕೊಟ್ಟ ಬಾಟಲಿ ತಂದು ಹೊಡೆದರು. ಅದು ಸಿಂಥೆಟಿಕ್ ಪೈರೆಥ್ರಾಯ್ಡ್ ಎನ್ನುವ ಕೀಟನಾಶಕಗಳ ಗುಂಪಿನದ್ದು. ಯೂರಿಯಾ ಎರಡೇ ಸಲಕ್ಕೆ ಪೂರ್ತಿ ಹಾಕಿದರು.

ಕಾಜಾಣಗಳು ಬಂದವು. ಕೋಲಿನ ಮೇಲೆ ಕೂತವು, ಸ್ವಲ್ಪ ಹೊತ್ತು ನೋಡಿದವು, ತೋಟದ ಅಂಚಿಗೆ ವಾಪಸ್ ಹೋದವು. ಕಾಜಾಣ ಬೇಟೆಯಾಡುವ ರೀತಿ ನೋಡಿದವರಿಗೆ ಇದರ ಅರ್ಥ ಬೇಗ ಆಗುತ್ತದೆ. ಹುಳ ಸಿಗುವ ಜಾಗದಲ್ಲಿ ಅದು ಒಂದೇ ಕೋಲನ್ನು ಬಿಡುವುದಿಲ್ಲ. ಕೂತಲ್ಲಿಂದ ಸರ್‍ರನೆ ಜಾರಿ, ಪೈರಿನ ಮೇಲೆ ಹಾರುವ ಪತಂಗವನ್ನು ಗಾಳಿಯಲ್ಲೇ ಹಿಡಿದು, ಮತ್ತೆ ಅದೇ ಕೋಲಿಗೆ ಬಂದು ಕೂತು ನುಂಗುತ್ತದೆ. ಹತ್ತು ನಿಮಿಷ ನಿಂತು ನೋಡಿದರೂ ಗೊತ್ತಾಗುತ್ತದೆ. ಔಷಧಿ ಬಿದ್ದ ಗದ್ದೆಯಲ್ಲಿ ಹಾರುವುದೇ ಏನೂ ಇಲ್ಲ. ಎಲೆ ಹಾಸಿ ಊಟ ಬಡಿಸದೆ ಇದ್ದರೆ ನೆಂಟರು ಎಷ್ಟು ಹೊತ್ತು ಕೂತಾರು?

ಅಕ್ಟೋಬರ್‌ನಲ್ಲಿ ಗದ್ದೆಯ ನಡುವೆ ಹಳದಿ ಮಚ್ಚೆ ಕಂಡಿತು. ಕೆಲವೇ ದಿನದಲ್ಲಿ ಅದು ಅಗಲವಾಗಿ, ನಡುಭಾಗ ಬೆಂಕಿಯಲ್ಲಿ ಸುಟ್ಟಂತೆ ಒಣಗಿತು. ಪೈರಿನ ರಸ ಹೀರುವ ಕಂದು ಜಿಗಿಹುಳದ ಕೆಲಸ ಅದು. ಕೋಲುಗಳಂತೂ ತೆನೆ ಬಂದ ಮೇಲೂ ಅಲ್ಲೇ ಇದ್ದವು. ಹಾಲುಗಟ್ಟುವ ಹೊತ್ತಿಗೆ ರಾಟವಾಳದ ಗುಂಪು ಅವುಗಳ ಮೇಲೇ ಇಳಿದು, ಪಕ್ಕದ ತೆನೆಗೆ ಬಾಯಿ ಹಾಕತೊಡಗಿತು. ತಾಯಿ ಒಂದು ದಿನ ಎಲ್ಲ ಕೋಲನ್ನೂ ಕಿತ್ತು ಹೊರೆ ಕಟ್ಟಿ ಒಲೆಗೆ ಹಾಕಿದರು. ಅವರ ಸಿಟ್ಟು ನ್ಯಾಯವಾದದ್ದೇ.

ಎಡವಿದ್ದು ಎಲ್ಲಿ?

ಜಿಗಿಹುಳ ಇರುವುದು ಪೈರಿನ ಬುಡದಲ್ಲಿ, ನೀರಿನ ಮಟ್ಟದಿಂದ ನಾಲ್ಕು ಬೆರಳು ಮೇಲೆ. ಕಾಜಾಣಕ್ಕೆ ಅದು ಕಾಣುವುದೇ ಇಲ್ಲ. ಹಾಗಾಗಿ ಹಕ್ಕಿ ಬಂದರೆ ಜಿಗಿಹುಳ ಹೋಗುತ್ತದೆ ಎಂದುಕೊಂಡರೆ ಅದು ಆಗದ ಮಾತು. ಅದನ್ನು ಹಿಡಿಯುವವರು ಬೇರೆ. ಒಂದು, ತೋಳಜೇಡ. ಬಲೆ ಕಟ್ಟದೆ ನೀರಿನ ಮೇಲೆ, ದಂಟಿನ ಮೇಲೆ ಓಡಾಡಿ ಬೇಟೆಯಾಡುವ ಬೂದು ಬಣ್ಣದ ಜೇಡ. ದಿನಕ್ಕೆ 5ರಿಂದ 15 ಹುಳ ತಿನ್ನುತ್ತದೆ. ಇನ್ನೊಂದು, ಮಿರಿಡ್ ಎನ್ನುವ ಸಣ್ಣ ಹಸಿರು ತಿಗಣೆ. ಇದು ಜಿಗಿಹುಳದ ಮೊಟ್ಟೆಯನ್ನೇ ಹೀರುತ್ತದೆ.

ಜಿಗಿಹುಳ ಮೊಟ್ಟೆ ಇಡುವುದು ದಂಟನ್ನು ಸುತ್ತಿದ ಎಲೆಯ ಪೊರೆಯೊಳಗೆ. ಒಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ. ಸ್ಪ್ರೇ ಅಲ್ಲಿಗೆ ತಲುಪುವುದಿಲ್ಲ. ಹೊರಗಿರುವ ಹುಳ ಸಾಯುತ್ತದೆ, ಜೇಡವೂ ಸಾಯುತ್ತದೆ, ಮಿರಿಡ್ ಕೂಡ ಸಾಯುತ್ತದೆ. ಒಂದು ವಾರ ಹತ್ತು ದಿನದಲ್ಲಿ ಮೊಟ್ಟೆಯೊಡೆದು ಮರಿಗಳು ಹೊರಬಂದಾಗ ಅವನ್ನು ತಿನ್ನಲು ಯಾರೂ ಉಳಿದಿರುವುದಿಲ್ಲ. ಮೇಲಿಂದ ಯೂರಿಯಾ ತಿಂದು ಮೆತ್ತಗಾದ ಪೈರು ಬೇರೆ. ಎಲೆ ಸುರುಳಿ ಹುಳಕ್ಕೆ ಹೊಡೆದ ಔಷಧಿ ಎರಡು ತಿಂಗಳ ನಂತರ ಜಿಗಿಹುಳ ತರುವುದು ಹೀಗೆ. ಪೈರೆಥ್ರಾಯ್ಡ್‌ಗಳ ಮೇಲೆ ಈ ದೂರು ಹಳೆಯದು. ಇಂಡೋನೇಷ್ಯಾ ಇದನ್ನು ದೇಶದ ಮಟ್ಟದಲ್ಲೇ ಅನುಭವಿಸಿತು. ಔಷಧಿಗೆ ಸರ್ಕಾರವೇ ಸಬ್ಸಿಡಿ ಕೊಟ್ಟಿತ್ತು, ಜಿಗಿಹುಳ ಭತ್ತದ ಬಯಲುಗಳನ್ನೇ ಒಣಗಿಸಿತು. ಕೊನೆಗೆ 1986ರಲ್ಲಿ ಅಲ್ಲಿನ ಅಧ್ಯಕ್ಷರು ಭತ್ತಕ್ಕೆ 57 ಕೀಟನಾಶಕ ಬಳಸದಂತೆ ಆದೇಶ ಹೊರಡಿಸಿದರು. ಮುಂದಿನ ಕೆಲವೇ ವರ್ಷಗಳಲ್ಲಿ ಸಬ್ಸಿಡಿಯನ್ನೂ ನಿಲ್ಲಿಸಿದರು.

ಅಲ್ಲಿಯ ಜಾವಾ ದ್ವೀಪದ ಗದ್ದೆಗಳಲ್ಲಿ ಆಮೇಲೆ ನಡೆದ ಸಂಶೋಧನೆಯಲ್ಲಿ ನನಗೆ ತುಂಬ ಮುಖ್ಯ ಅನ್ನಿಸುವ ಒಂದು ವಿಷಯ ಸಿಕ್ಕಿತು. ನಾಟಿಯಾದ ಹೊಸದರಲ್ಲಿ ಗದ್ದೆಯಲ್ಲಿ ಬೆಳೆ ತಿನ್ನುವ ಹುಳ ಕಡಿಮೆ. ಹಾಗಿದ್ದರೂ ಜೇಡಗಳು ಅಲ್ಲಿ ಬದುಕುತ್ತವೆ, ಹೆಚ್ಚುತ್ತವೆ. ಏನು ತಿಂದು? ಕೊಟ್ಟಿಗೆ ಗೊಬ್ಬರ, ಕೊಳೆತ ಹುಲ್ಲು ಇವುಗಳಿಂದ ನೀರಿನಲ್ಲಿ ಹುಟ್ಟುವ, ಸೊಳ್ಳೆಯಂತೆ ಕಾಣುವ, ಕಚ್ಚದ ಸಣ್ಣ ನೊಣಗಳನ್ನು. ಅವು ಬೆಳೆಗೆ ಏನೂ ಮಾಡುವುದಿಲ್ಲ. ಅವನ್ನು ತಿಂದು ಜೇಡದ ಪಡೆ ಮೊದಲೇ ತಯಾರಾಗಿರುತ್ತದೆ. ಬೆಳೆ ತಿನ್ನುವ ಹುಳ ಬರುವುದು ಆಮೇಲೆ. ಮೊದಲ ತಿಂಗಳು ಹೊಡೆಯುವ ಔಷಧಿ ಮುರಿಯುವುದು ಈ ಸರಪಳಿಯನ್ನೇ. ಗಾಳಿಯಲ್ಲಿ ಕಾಜಾಣ, ಕವಲುತೋಕೆಗಳಿಗೆ ಸಿಗಬೇಕಿದ್ದ ಹಾರುವ ಹುಳ ಕೂಡ ಅದೇ ಹೊತ್ತಿಗೆ ಇಲ್ಲವಾಗುತ್ತದೆ.

ಇನ್ನು ಒಟ್ಲಿನ ಹರಳು. ಇಂಥ ಹರಳು ಔಷಧಿಗಳಲ್ಲಿ ಒಂದಾದ ಫೋರೇಟ್ 2020ರ ಕೊನೆಯಿಂದ ನಮ್ಮ ದೇಶದಲ್ಲಿ ನಿಷೇಧವಾಗಿದೆ. ಇನ್ನೊಂದಾದ ಕಾರ್ಬೋಫ್ಯುರಾನ್‌ನ ಹರಳು ಹಕ್ಕಿಗಳಿಗೆ ಎಂಥ ವಿಷ ಎಂದರೆ ಸಣ್ಣ ಹಕ್ಕಿ ಒಂದೇ ಒಂದು ಹರಳು ನುಂಗಿದರೂ ಸಾಯಬಹುದು. ಕಾಳು ತಿನ್ನುವ ಹಕ್ಕಿಗಳು ಜೀರ್ಣಕ್ಕೆಂದು ಮರಳಿನ ಕಣ ಹೆಕ್ಕುತ್ತವಲ್ಲ, ಅದರ ಜೊತೆ ಇದೂ ಹೋಗುತ್ತದೆ. ಒಂದು ಕೈಯಲ್ಲಿ ಹರಳು ಎರಚಿ ಇನ್ನೊಂದು ಕೈಯಲ್ಲಿ ಕೋಲು ನೆಡುವುದು ಹಕ್ಕಿಗೆ ಮಾಡುವ ಮೋಸ. ಇದನ್ನು ನಾನು ಮೆತ್ತಗೆ ಹೇಳಲಾರೆ.

ಎರಡನೇ ವರ್ಷ

ಕುಯ್ಲು ಮುಗಿದ ಮೇಲೆ ಇದನ್ನೆಲ್ಲ ಕೂತು ಮಾತಾಡಿದೆವು. ತಾಯಿ ಒಂದು ಷರತ್ತು ಹಾಕಿದರು: ತೆನೆ ಹೊರಬರುವ ಮುನ್ನ ದಂಟು ಉಬ್ಬಿ ಹೊಡೆ ಕಾಣುತ್ತಿದ್ದಂತೆ ಕೋಲು ಕೀಳಬೇಕು. ಮಗ ಒಪ್ಪಿದ. ಉಳಿದದ್ದು ಒಂದೊಂದಾಗಿ ತೀರ್ಮಾನವಾಯಿತು. ಒಟ್ಲಿಗೆ ಹರಳು ಇಲ್ಲ. ನಾಟಿಗೆ ಮೊದಲು ಕೊಟ್ಟಿಗೆ ಗೊಬ್ಬರ ಜಾಸ್ತಿ. ಯೂರಿಯಾ ಕಡಿಮೆ, ಅದೂ ಮೂರು ಕಂತಿನಲ್ಲಿ. ನಾಟಿಯಲ್ಲಿ ಪ್ರತಿ ಎರಡು ಮೂರು ಮೀಟರ್‌ಗೆ ಒಂದಡಿ ಹಾದಿ ಬಿಡುವುದು. ಇದರಿಂದ ಬುಡಕ್ಕೆ ಗಾಳಿ ಬೆಳಕು ಹೋಗುತ್ತದೆ, ಜಿಗಿಹುಳಕ್ಕೆ ಅದು ಹಿಡಿಸುವುದಿಲ್ಲ. ಎಲ್ಲಕ್ಕಿಂತ ದೊಡ್ಡದು, ನಾಟಿಯಾದ ಮೊದಲ ತಿಂಗಳು ಯಾವ ಕೀಟನಾಶಕವೂ ಇಲ್ಲ. ಬಿತ್ತಿದ ಗದ್ದೆಯಲ್ಲಾದರೆ ಇದನ್ನು 40 ದಿನ ಎನ್ನುತ್ತಾರೆ. ವಿಯೆಟ್ನಾಂನ ಮೆಕಾಂಗ್ ಬಯಲಿನ ರೈತರಿಗೆ 1990ರ ದಶಕದಲ್ಲಿ ರೇಡಿಯೋ ನಾಟಕಗಳ ಮೂಲಕ ತಿಳಿಸಿದ ಮಾತು ಇದು.

ಬದುವಿಗೆ ಕಳೆನಾಶಕ ಹೊಡೆಯುವುದನ್ನೂ ನಿಲ್ಲಿಸಿದರು. ಹೂಬಿಡುವ ಗಿಡ ಬದುವಿನಲ್ಲಿದ್ದರೆ ಹುಳದ ಮೊಟ್ಟೆಯೊಳಗೆ ಮೊಟ್ಟೆ ಇಡುವ ಸಣ್ಣ ಕಣಜಗಳಿಗೆ ಮಕರಂದ ಸಿಗುತ್ತದೆ. ಚೀನಾ, ಥಾಯ್ಲೆಂಡ್, ವಿಯೆಟ್ನಾಂ ಮೂರೂ ಕಡೆ ಗದ್ದೆಯಂಚಿನಲ್ಲಿ ಇಂಥ ಗಿಡ ಬೆಳೆಸಿ ನೋಡಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಕೀಟನಾಶಕ ಬಳಕೆ ಶೇ. 70 ಕಡಿಮೆಯಾಗಿ, ಇಳುವರಿ ಶೇ. 5 ಹೆಚ್ಚಿತ್ತು. ಅಲ್ಲೆಲ್ಲ ಎಳ್ಳಿಗೆ ಒಳ್ಳೆಯ ಹೆಸರು. ಆಲೂರಿನ ಆಷಾಢದ ಮಳೆಗೆ ಎಳ್ಳು ನಿಲ್ಲಲಿಲ್ಲ, ಬದುವಿನಲ್ಲೇ ಕೊಳೆಯಿತು. ಮಳೆ ತಗ್ಗಿದ ಮೇಲೆ ಹಾಕಿದ ಅಲಸಂದೆ ಬಂತು. ಅದಕ್ಕಿಂತ ಚೆನ್ನಾಗಿ ಬಂದದ್ದು ಯಾರೂ ಬಿತ್ತದ ತುಂಬೆ. ಕಳೆನಾಶಕ ನಿಲ್ಲಿಸಿದ್ದಕ್ಕೆ ತಾನಾಗಿ ಎದ್ದು ಹೂ ಬಿಟ್ಟಿತು. ಹೊರಗಿನ ಪಟ್ಟಿ ಹಿಡಿದು ಗಿಡ ಹುಡುಕುವ ಮೊದಲು ನಮ್ಮ ಬದುವಿನಲ್ಲಿ ಏನಿದೆ ಎಂದು ನೋಡುವುದು ಒಳ್ಳೆಯದು.

ಹೊಸ ಕೋಲು ನೆಟ್ಟದ್ದು ಇಷ್ಟೆಲ್ಲ ಆದ ಮೇಲೆ.

ಪರೀಕ್ಷೆ ಬಂದದ್ದು ನಾಲ್ಕನೇ ವಾರದಲ್ಲಿ. ಎಲೆ ಸುರುಳಿ ಹುಳ ಬಿತ್ತು. ಹುಳ ಎಲೆಯನ್ನು ಉದ್ದಕ್ಕೆ ಮಡಚಿ, ಒಳಗೆ ಕೂತು ಹಸಿರು ಕೆರೆದು ತಿನ್ನುತ್ತದೆ. ದೂರದಿಂದ ನೋಡಿದರೆ ಗದ್ದೆಯೆಲ್ಲ ಬಿಳಿ ಗೀರು. ಎದೆ ಒಡೆಯುವ ನೋಟ ಅದು. "ಅವ್ವ, ಎಲೆ ಎಲ್ಲ ಬೆಳ್ಳಗಾಗ್ತೈತೆ, ಇವತ್ತು ಒಂದು ಕ್ಯಾನ್ ಹೊಡೆದುಬಿಡ್ತೀನಿ" ಎಂದ ಮಗ. ತಡೆದದ್ದು ತಾಯಿ. "ಸುಳಿ ಹಸ್ರಾಗೈತಲ್ಲ ಮಗ. ಇನ್ನೊಂದು ವಾರ ನೋಡು."

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಬುಡದಿಂದ ಹೊಸ ಕವಲು, ಅಂದರೆ ತೆಂಡೆ ಒಡೆಯುವ ಹಂತದಲ್ಲಿ ಭತ್ತಕ್ಕೆ ಎಲೆ ಹೋದರೂ ಹೊಸ ಎಲೆ, ಹೊಸ ತೆಂಡೆ ಹಾಕುವ ಶಕ್ತಿ ಇರುತ್ತದೆ. ರಾಜಮುಡಿಯಂಥ ದೀರ್ಘಾವಧಿ ತಳಿಗೆ ಸುಧಾರಿಸಿಕೊಳ್ಳಲು ಸಮಯವೂ ಜಾಸ್ತಿ. ಎಲೆ ಬೆಳ್ಳಗಾಗಿ ಕಂಡಿತು ಎಂದರೆ ಇಳುವರಿ ಹೋಯಿತು ಎಂದಲ್ಲ. ಕಾಂಡ ಕೊರೆಯುವ ಹುಳ ಬಿದ್ದು ಸುಳಿಯೇ ಒಣಗುತ್ತಿದ್ದರೆ ಲೆಕ್ಕ ಬೇರೆ.

ಮಾರನೇ ದಿನ ಗದ್ದೆಗಿಳಿದು ಮಡಚಿದ ಎಲೆಗಳನ್ನು ಬಿಡಿಸಿ ನೋಡಿದೆವು. ಕೆಲವದರಲ್ಲಿ ಹಸಿರು ಹುಳ ಇತ್ತು, ಮುಟ್ಟಿದರೆ ನುಲಿಯುತ್ತಿತ್ತು. ಕೆಲವದರಲ್ಲಿ ಬರೀ ಹಿಕ್ಕೆ. ಒಂದಷ್ಟರಲ್ಲಿ ಹುಳ ಸತ್ತು ಒಣಗಿತ್ತು, ಪಕ್ಕದಲ್ಲಿ ಅಕ್ಕಿ ಕಾಳಿಗಿಂತ ಸಣ್ಣ ಬಿಳಿ ಗೂಡು ಅಂಟಿತ್ತು. ಅದು ಕಣಜದ ಗೂಡು. ಕಣಜದ ಮರಿ ಹುಳದ ಒಳಗೇ ಬೆಳೆದು, ಅದನ್ನು ತಿಂದು ಮುಗಿಸಿ, ಹೊರಗೆ ಬಂದು ಗೂಡು ಕಟ್ಟಿಕೊಂಡಿತ್ತು. ಒಂದು ಎಲೆಯಲ್ಲಿ ಹುಳದ ಬದಲು ಜೇಡವೇ ಮನೆ ಮಾಡಿತ್ತು. ಮಗ ಆಮೇಲೆ ಔಷಧಿಯ ಮಾತೆತ್ತಲಿಲ್ಲ. ನೋಡಿದ ಮೇಲೆ ಬರುವ ನಂಬಿಕೆಯೇ ಬೇರೆ, ಅಲ್ವಾ?

ಕಾಜಾಣ ಈ ಸಲ ನಿಂತವು. ಎಲೆ ಸುರುಳಿಯ ಪತಂಗ ಹಗಲಿನಲ್ಲೂ ಪೈರು ಅಲುಗಿದರೆ ಏಳುತ್ತದೆ, ಅದು ಅವಕ್ಕೆ ಸುಲಭದ ತುತ್ತು. ಕಾಂಡ ಕೊರೆಯುವ ಹುಳದ ಪತಂಗ ಹಾರುವುದು ರಾತ್ರಿ. ಕಾಜಾಣ ಮಿಕ್ಕ ಹಕ್ಕಿಗಳಿಗಿಂತ ಬೇಗ ಎದ್ದು ತಡವಾಗಿ ಮಲಗುವುದರಿಂದ ಮುಸ್ಸಂಜೆಯಲ್ಲಿ ಅದಕ್ಕೂ ಒಂದಷ್ಟು ಸಿಗುತ್ತವೆ. ಸಂಜೆ ಕತ್ತಲಾದ ಮೇಲೂ ಕೋಲಿನ ಮೇಲೆ ಕಪ್ಪಗೆ ಕೂತಿರುತ್ತಿದ್ದವು. ಗೊರವಂಕಗಳು ಬದುವಿನ ಮಿಡತೆ ಹೆಕ್ಕಿದವು. ಬೆಳ್ಳಕ್ಕಿಗಳು ಉಳುಮೆಯ ಹೊತ್ತಿಗೇ ಟಿಲ್ಲರ್ ಹಿಂದೆ ಬಂದು, ಮಣ್ಣಿನಿಂದ ಎದ್ದ ಹುಳ, ಏಡಿ ಮರಿಗಳನ್ನು ಹಿಡಿದುಹೋಗಿದ್ದವು. ಅಕ್ಟೋಬರ್ ಹೊತ್ತಿಗೆ ಉತ್ತರದಿಂದ ಕವಲುತೋಕೆಗಳೂ ಬಂದವು.

ಒಂದು ಮಾತು ಇಲ್ಲಿ ಬಿಡುವಂತಿಲ್ಲ. ಹಕ್ಕಿ ನಮ್ಮ ಪರವಾಗಿ ಕೆಲಸ ಮಾಡುವುದಿಲ್ಲ, ಹೊಟ್ಟೆಗಾಗಿ ಮಾಡುತ್ತದೆ. ಕಾಜಾಣ ಪತಂಗದ ಜೊತೆ ಏರೋಪ್ಲೇನ್ ಚಿಟ್ಟೆಯನ್ನೂ ಹಿಡಿಯುತ್ತದೆ. ಬೆಳ್ಳಕ್ಕಿ ಕಪ್ಪೆಯನ್ನೂ ನುಂಗುತ್ತದೆ. ಏರೋಪ್ಲೇನ್ ಚಿಟ್ಟೆ, ಕಪ್ಪೆ ಎರಡೂ ಹುಳ ತಿನ್ನುವ ಜೀವಿಗಳೇ. ಆದ್ದರಿಂದ ಹಕ್ಕಿಯೊಂದನ್ನೇ ನೆಚ್ಚುವುದು ಸರಿಯಲ್ಲ. ಜೇಡ, ಕಣಜ, ಕಪ್ಪೆ, ಹಕ್ಕಿ ಎಲ್ಲವೂ ಇದ್ದಾಗ ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಹಿಡಿಯುತ್ತಾರೆ.

ಜಿಗಿಹುಳ ಎರಡನೇ ವರ್ಷವೂ ಕಂಡಿತು, ಆದರೆ ಗದ್ದೆಯ ನಡುವೆ ಅಲ್ಲ. ಕೆಳತುದಿಯಲ್ಲಿ, ಶುಂಠಿ ಹೊಲಕ್ಕೆ ತಾಗಿದ ತುಂಡಿನಲ್ಲಿ. ಶುಂಠಿಗೆ ಹೊಡೆದ ಔಷಧಿ ಗಾಳಿಯಲ್ಲಿ ಈ ತುಂಡಿಗೆ ಬಂದು ಬೀಳುತ್ತದೆ. ಬುಡವನ್ನು ಕೈಯಿಂದ ತಟ್ಟಿದರೆ ಮೇಲಿನ ಗದ್ದೆಯಲ್ಲಿ ನೀರಿನ ಮೇಲೆ ಒಂದೆರಡು ಜಿಗಿಹುಳ ಬೀಳುತ್ತಿದ್ದವು, ಜೊತೆಗೆ ಬೆನ್ನ ಹಿಂದೆ ಬಿಳಿ ಮೊಟ್ಟೆಚೀಲ ಕಟ್ಟಿಕೊಂಡ ತೋಳಜೇಡ ಓಡಿಹೋಗುತ್ತಿತ್ತು. ಕೆಳಗಿನ ತುಂಡಿನಲ್ಲಿ ಜಿಗಿಹುಳ ಎಣಿಸಲಾರದಷ್ಟು ಬಿದ್ದವು, ಜೇಡ ಹುಡುಕಬೇಕಿತ್ತು. ಕಾರಣ ಅದೊಂದೇ ಎಂದು ಹೇಳಲು ಇಷ್ಟು ಸಾಲದು, ಆ ತುಂಡಿನಲ್ಲಿ ನೀರೂ ಜಾಸ್ತಿ ನಿಲ್ಲುತ್ತದೆ. ಮೂರು ನಾಲ್ಕು ದಿನ ನೀರು ಬಸಿದು ಗದ್ದೆ ಒಣಗಿಸಿದರು. ಸಾಲದೆ ಬಂದಾಗ ಆ ತುಂಡಿಗಷ್ಟೇ ಬ್ಯುಪ್ರೊಫೆಜಿನ್ ಅನ್ನು ಬುಡಕ್ಕೆ ತಾಗುವಂತೆ ಹೊಡೆದರು. ಅದು ಜಿಗಿಹುಳದ ಮರಿಗಳು ಪೊರೆ ಕಳಚದಂತೆ ಮಾಡುವ ಔಷಧಿ, ಜೇಡಗಳಿಗೆ ಹಾನಿ ಕಡಿಮೆ. ಔಷಧಿ ಮುಟ್ಟಲೇಬಾರದು ಎನ್ನುವ ಹಟ ಈ ಮನೆಯವರಿಗಿಲ್ಲ. ಎಲ್ಲಿ, ಯಾವಾಗ, ಎಷ್ಟು ಎನ್ನುವುದು ಅವರ ಕೈಯಲ್ಲೇ ಉಳಿಯಿತು. ನನಗೆ ಮುಖ್ಯ ಅನ್ನಿಸುವುದು ಅದೇ.

ಹಾಲುಗಟ್ಟುವ ಹೊತ್ತು

ಹೊಡೆ ಕಂಡ ವಾರವೇ ಕೋಲು ಕಿತ್ತು ಕೊಟ್ಟಿಗೆಯ ಅಟ್ಟಕ್ಕೆ ಹಾಕಿದರು. ರಾಟವಾಳ ಬಂದೇ ಬಂದವು. ಮಿಂಚುವ ರಿಬ್ಬನ್ ಕಟ್ಟಿದರು, ತಾಯಿ ಬೆಳಿಗ್ಗೆ ಸಂಜೆ ತಟ್ಟೆ ಬಾರಿಸಿದರು. ರಿಬ್ಬನ್‌ಗೆ ಹಕ್ಕಿ ಬೇಗ ಒಗ್ಗಿಕೊಳ್ಳುತ್ತವೆ, ಹಾಗಾಗಿ ಮೊದಲೇ ಕಟ್ಟದೆ ಹಾಲುಗಟ್ಟುವ ಎರಡು ಮೂರು ವಾರಕ್ಕಷ್ಟೇ ಇಟ್ಟುಕೊಂಡರು. ಬಲೆ ಹಾಕುವ ಯೋಚನೆ ಬಂದಿತ್ತು, ಬೇಡ ಎಂದಾಯಿತು. ಬಲೆಗೆ ಬೀಳುವುದರಲ್ಲಿ ಕಾಜಾಣ, ಗೂಬೆಗಳೂ ಇರುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ರಾಟವಾಳವನ್ನು ಹಿಡಿಯುವುದೂ ಕೊಲ್ಲುವುದೂ ಅಪರಾಧವೇ.

ರಾಟವಾಳದ ಹಾವಳಿಗೆ ನಿಜವಾದ ಮದ್ದು ಇಡೀ ಬಯಲು ಒಟ್ಟಿಗೆ ತೆನೆಗಟ್ಟುವುದು. ಎಲ್ಲರಿಗಿಂತ ಮೊದಲು ಹಾಲುಗಟ್ಟಿದ ಗದ್ದೆಗೆ ಊರಿನ ಹಕ್ಕಿಯೆಲ್ಲ ಇಳಿಯುತ್ತವೆ. ಎಲ್ಲ ಗದ್ದೆ ಒಟ್ಟಿಗೆ ಬಂದರೆ ನಷ್ಟ ಹಂಚಿಹೋಗುತ್ತದೆ. ನಡುನಡುವೆ ಗದ್ದೆ ಪಾಳು ಬಿದ್ದಷ್ಟೂ ಉಳಿದ ಗದ್ದೆಗಳ ಪಾಲಿನ ಹೊರೆ ಹೆಚ್ಚುತ್ತದೆ. ಭತ್ತ ಬಿಡದೆ ಉಳಿದವರಿಗೆ ಸಿಕ್ಕ ಶಿಕ್ಷೆ ಇದು.

ಇಲಿ, ಗೂಬೆ

ಪಾಳು ಗದ್ದೆಯ ಹುಲ್ಲಿನಲ್ಲಿ ಇಲಿ ಮರಿಮಾಡಿ ಬದು ಕೊರೆಯುತ್ತದೆ. ಇದಕ್ಕೆ ಕಣಜ ಗೂಬೆಗಿಂತ (ಇಂಗ್ಲಿಷಿನಲ್ಲಿ ಬಾರ್ನ್ ಔಲ್) ಒಳ್ಳೆಯ ಕಾವಲು ಇಲ್ಲ. ಮಲೇಷ್ಯಾದ ತಾಳೆ ತೋಟಗಳಲ್ಲಿ, ಇಸ್ರೇಲಿನ ಹೊಲಗಳಲ್ಲಿ 1980ರ ದಶಕದಿಂದಲೂ ಗೂಬೆಗೆ ಮರದ ಪೆಟ್ಟಿಗೆ ಇಟ್ಟು ಕರೆಸಿಕೊಳ್ಳುತ್ತಾರೆ. ಮಗ ಒಂದು ಪೆಟ್ಟಿಗೆ ಮಾಡಿಸಿದ. ಗೂಬೆ ಕೂತ ಮನೆ ಬಿಡಬೇಕು ಎನ್ನುವ ನಂಬಿಕೆ ನಮ್ಮಲ್ಲಿ ಇನ್ನೂ ಗಟ್ಟಿ. ತಾಯಿ "ಮನೆ ಕಡೆ ಬ್ಯಾಡ, ಆಚೆ ಇಟ್ಕೊ" ಎಂದರು. ತೋಟದಂಚಿನ ಹಲಸಿನ ಮರಕ್ಕೆ ಕಟ್ಟಿದ್ದಾರೆ. ಗೂಬೆ ಇನ್ನೂ ಸೇರಿಲ್ಲ. ಆದರೆ ಪೆಟ್ಟಿಗೆ ಕಟ್ಟಿದ ದಿನದಿಂದ ಬ್ರೋಮಾಡಿಯೋಲೋನ್ ಇಲಿ ಪಾಷಾಣ ನಿಲ್ಲಿಸಿದ್ದಾರೆ. ಅದನ್ನು ತಿಂದ ಇಲಿ ತಕ್ಷಣ ಸಾಯುವುದಿಲ್ಲ. ತೂರಾಡುವ ಆ ಇಲಿಯನ್ನು ತಿಂದ ಗೂಬೆಗೂ ವಿಷ ಏರುತ್ತದೆ.

ಈಗ ಎಲ್ಲಿಗೆ ಬಂದಿದೆ

ಎರಡನೇ ವರ್ಷದ ಇಳುವರಿ ಹಿಂದಿನದಕ್ಕಿಂತ ಕಡಿಮೆಯಾಗಲಿಲ್ಲ. ಔಷಧಿ, ಯೂರಿಯಾ ಎರಡರ ಖರ್ಚೂ ಇಳಿಯಿತು. ಪೈರು ಮಲಗಲಿಲ್ಲ. ಒಂದು ವರ್ಷದ ಒಂದು ಗದ್ದೆಯಿಂದ ಇದಕ್ಕಿಂತ ಹೆಚ್ಚು ಹೇಳಬಾರದು. ಮಳೆ ಬೇರೆ ರೀತಿ ಬಂದರೆ ಜಿಗಿಹುಳದ ಕತೆಯೂ ಬೇರೆಯಾದೀತು.

ಸಮಸ್ಯೆ ಈಗ ಗದ್ದೆಯ ಒಳಗಿಗಿಂತ ಹೊರಗೆ ಇದೆ. ಕಾಜಾಣಕ್ಕೆ ಸರ್ವೆ ನಂಬರ್ ಗೊತ್ತಿಲ್ಲ. ಪಕ್ಕದ ಗದ್ದೆಗೆ ಬಿದ್ದ ವಿಷ ಇಲ್ಲಿಯ ಜೇಡವನ್ನೂ ಮುಟ್ಟುತ್ತದೆ. ಮೇಲ್ಭಾಗದ ಅಕ್ಕಪಕ್ಕದವರು ಮುಂದಿನ ಮಳೆಗಾಲಕ್ಕೆ ಮೊದಲ ತಿಂಗಳು ಔಷಧಿ ಬಿಡಲು ಒಪ್ಪಿದ್ದಾರೆ. ನಾಟಿಯನ್ನು ಒಂದೇ ವಾರದೊಳಗೆ ಮುಗಿಸಲು ಕೆರೆ ತೂಬಿನ ನೀರಿನ ಸರದಿ ಬದಲಿಸಬೇಕು, ಆ ಮಾತುಕತೆ ನಡೆಯುತ್ತಿದೆ. ಶುಂಠಿಯವರಿಗೆ ಔಷಧಿ ಬಿಡಿ ಎಂದರೆ ಆಗುವುದಿಲ್ಲ, ಗುತ್ತಿಗೆ ಹಣ ಹಾಕಿದ್ದಾರೆ. ಗಾಳಿ ಗದ್ದೆಯ ಕಡೆ ಬೀಸುವಾಗ ಹೊಡೆಯುವುದಿಲ್ಲ ಎಂದು ಮಾತು ಕೊಟ್ಟಿದ್ದಾರೆ. ನಡುವೆ ಎರಡು ಸಾಲು ತೊಗರಿ ಹಾಕಿಕೊಳ್ಳಲು ಅವರ ಅಂಚಿನ ಜಾಗವನ್ನೂ ಬಿಟ್ಟುಕೊಟ್ಟಿದ್ದಾರೆ. ತೊಗರಿ ಬೀಜವನ್ನು ತಾಯಿ ಆಗಲೇ ತೆಗೆದಿಟ್ಟಿದ್ದಾರೆ.